ಆರು ಭಾನುವಾರಗಳ ಪಪ್ಪಿ ಕ್ಲಾಸ್: ಕೊಟ್ಟ ಹಣ ಯಾವುದಕ್ಕೆ ಸಂದಿತು?

ಬೆಂಗಳೂರಿನ ದಕ್ಷಿಣದ ಅಂಚಿನ ಬಡಾವಣೆಯೊಂದರಲ್ಲಿ, ಹಿಂದೆ ಪ್ಲೈವುಡ್ ಗೋದಾಮಾಗಿದ್ದ ಶೀಟು ಹೊದಿಸಿದ ಕಟ್ಟಡದಲ್ಲಿ, ಪ್ರತಿ ಭಾನುವಾರ ಬೆಳಿಗ್ಗೆ ಎಂಟೂವರೆಗೆ ನಾಯಿಮರಿಗಳ ತರಗತಿ ನಡೆಯುತ್ತದೆ. ವಾರಕ್ಕೆ ಒಂದು ಗಂಟೆಯಂತೆ ಆರು ವಾರಗಳ ಕೋರ್ಸು. ಒಂದು ಮರಿಗೆ 7,500 ರೂಪಾಯಿ ಶುಲ್ಕ. ಒಂದು ತಂಡದಲ್ಲಿ ಎಂಟು ಮರಿಗಳು, ಮರಿಯೊಂದಕ್ಕೆ ಮನೆಯವರು ಇಬ್ಬರು ಬರಬಹುದು. ನಮ್ಮ ಮುಧೋಳ ಹೆಣ್ಣುಮರಿ ಹೊನ್ನಿಯನ್ನು ಕರೆದುಕೊಂಡು ನಾನು ಆರೂ ಭಾನುವಾರ ತಪ್ಪದೆ ಹೋಗಿಬಂದೆ. ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ, ಏಕೆಂದರೆ ನಾನು ಹೇಳಬೇಕಾದ ದೂರುಗಳಲ್ಲಿ ಹೆಚ್ಚಿನವು ಆ ಒಂದು ಸಂಸ್ಥೆಗೆ ಮಾತ್ರ ಅಂಟಿದವಲ್ಲ. ಈಗ ನಗರದ ಉದ್ದಗಲಕ್ಕೂ ತಲೆಯೆತ್ತಿರುವ ಇಂಥ ತರಗತಿಗಳ ಪೈಕಿ ಯಾವುದಕ್ಕೇ ಸೇರುವವರೂ ಏನನ್ನು ಕೇಳಿ ತಿಳಿದುಕೊಳ್ಳಬೇಕು, ಯಾವುದಕ್ಕೆ ಹಣ ಕೊಡಬೇಕು, ಯಾವುದಕ್ಕೆ ಕೊಡಬಾರದು ಎಂಬುದನ್ನು ಬರೆಯುವುದೇ ಹೆಚ್ಚು ಉಪಯುಕ್ತವೆಂದು ನನಗೆ ಅನ್ನಿಸಿದೆ.

ನಿವೃತ್ತನಾದ ಮೇಷ್ಟ್ರೊಬ್ಬ ನಾಯಿಮರಿಯನ್ನು ಶಾಲೆಗೆ ಸೇರಿಸಿದ ಕಥೆ ಕೇಳಿ ನಮ್ಮ ಬೀದಿಯವರು ನಕ್ಕಿದ್ದುಂಟು. ಆದರೆ ನನ್ನ ಹಿಂದಿನ ನಾಯಿ ರಾಮುವನ್ನು ನೋಡಿದ್ದವರು ನಗಲಿಲ್ಲ. ರಾಮುವನ್ನು ನಾನು ತಂದದ್ದು ಒಂದು ಅಂಗಡಿಯಿಂದ. ತರುವಾಗ ಅದಕ್ಕೆ ನಾಲ್ಕೂವರೆ ತಿಂಗಳು ತುಂಬಿತ್ತು; ಅದರ ಬದುಕಿನ ಬಹುಭಾಗ ಗಾಜಿನ ಮುಂಬದಿಯ ಒಂದು ಪೆಟ್ಟಿಗೆಯೊಳಗೆ, ಹರಿದ ಪತ್ರಿಕೆಯ ಚೂರುಗಳ ಮೇಲೆ ಕಳೆದಿತ್ತು. ಹನ್ನೊಂದು ವರ್ಷ ನಮ್ಮೊಡನೆ ಬಾಳಿದ ಆ ನಾಯಿ ಒಂದು ದಿನವೂ ಯಾರನ್ನೂ ಕಚ್ಚಲಿಲ್ಲ, ಆದರೆ ಒಂದು ದಿನವೂ ಬೀದಿಯಲ್ಲಿ ನೆಮ್ಮದಿಯಿಂದ ನಡೆಯಲೂ ಇಲ್ಲ. ಯಾರಾದರೂ ಕೊಡೆ ಬಿಚ್ಚಿದರೆ ನಿಂತಲ್ಲೇ ಉಚ್ಚೆ ಹೊಯ್ದುಕೊಳ್ಳುತ್ತಿತ್ತು. ಹೆಲ್ಮೆಟ್ ಹಾಕಿದ ಗಂಡಸರನ್ನು ಕಂಡರೆ ನನ್ನ ಕಾಲುಗಳ ನಡುವೆ ನುಗ್ಗುತ್ತಿತ್ತು. ದೀಪಾವಳಿಯ ಮೂರು ರಾತ್ರಿಗಳನ್ನು ಬಚ್ಚಲುಮನೆಯ ಹಂಡೆಯ ಹಿಂದೆ ಕಳೆಯುತ್ತಿತ್ತು. ಪ್ರೀತಿಯಿಂದ ಸಾಕಿದರೆ ಎಲ್ಲವೂ ಸರಿಹೋಗುತ್ತದೆ ಎಂದು ನಾವು ನಂಬಿದ್ದೆವು. ಸ್ವಲ್ಪಮಟ್ಟಿಗೆ ಸರಿಹೋಯಿತು ಕೂಡ. ಪೂರ್ತಿ ಸರಿಹೋಗಲಿಲ್ಲ, ಮತ್ತು ಹಾಗೇಕೆ ಎಂಬುದು ಮೂವತ್ತು ವರ್ಷ ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿದ ನನಗೆ ಬಹಳ ತಡವಾಗಿ ಹೊಳೆಯಿತು.

ವಿಷಯ ಹೊಸದಲ್ಲ. 1961ರಲ್ಲಿ ಅಮೆರಿಕದ ಮೇಯ್ನ್ ರಾಜ್ಯದ ಬಾರ್ ಹಾರ್ಬರ್ ಊರಿನ ಜಾಕ್ಸನ್ ಪ್ರಯೋಗಾಲಯದಲ್ಲಿ ಡೇನಿಯಲ್ ಫ್ರೀಡ್‌ಮನ್ ಮತ್ತು ಸಂಗಡಿಗರು ಒಂದು ಪ್ರಯೋಗದ ಫಲಿತಾಂಶವನ್ನು ಪ್ರಕಟಿಸಿದರು. ಎತ್ತರದ ಬೇಲಿ ಹಾಕಿದ ಬಯಲಿನಲ್ಲಿ ತಾಯಿಯೊಡನೆ ಮರಿಗಳನ್ನು ಬೆಳೆಯಲು ಬಿಟ್ಟು, ಮನುಷ್ಯರು ಅವುಗಳ ಕಣ್ಣಿಗೆ ಬೀಳದಂತೆ ನೋಡಿಕೊಂಡು, ಒಂದೊಂದು ಗುಂಪನ್ನು ಎರಡು, ಮೂರು, ಐದು, ಏಳು, ಒಂಬತ್ತನೆಯ ವಾರಗಳಲ್ಲಿ ಒಂದೇ ಒಂದು ವಾರದ ಮಟ್ಟಿಗೆ ಒಳಗೆ ತಂದು ಜನರೊಂದಿಗೆ ಆಡಿಸಿದರು. ಹಾಗೆ ಒಂದು ವಾರವೂ ಒಳಗೆ ಬಾರದೆ ಹದಿನಾಲ್ಕು ವಾರ ಹೊರಗೇ ಉಳಿದ ಮರಿಗಳು ಆಮೇಲೆ ಕಾಡುಪ್ರಾಣಿಗಳಂತೆ ವರ್ತಿಸಿದವು. ಎಷ್ಟು ಓಲೈಸಿದರೂ ಮನುಷ್ಯರ ಹತ್ತಿರ ಸಹಜವಾಗಿ ಸುಳಿಯಲಿಲ್ಲ. ಅದೇ ಪ್ರಯೋಗಾಲಯದಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಐದು ತಳಿಗಳ ಮರಿಗಳನ್ನು ವರ್ಷಗಟ್ಟಲೆ ಗಮನಿಸಿ, ಸುಮಾರು ಮೂರನೆಯ ವಾರದಿಂದ ಹನ್ನೆರಡನೆಯ ವಾರದವರೆಗಿನ ಅವಧಿಯನ್ನು ನಾಯಿಯ ಸಾಮಾಜಿಕ ಬದುಕಿನ ನಿರ್ಣಾಯಕ ಕಾಲವೆಂದು 1965ರಲ್ಲಿ ವಿವರಿಸಿದರು. ಎರಡು ವಾರದ ಹೊತ್ತಿಗೆ ಮರಿ ಕಣ್ಣು ಬಿಡುತ್ತದೆ, ಮೂರನೆಯ ವಾರದ ಆಸುಪಾಸಿನಲ್ಲಿ ಸದ್ದಿಗೆ ಬೆಚ್ಚುತ್ತದೆ. ಆಗ ಶುರುವಾಗುವ ಕುತೂಹಲ, ಕೆಲವು ವಾರಗಳ ನಂತರ ತಲೆಯೆತ್ತುವ ಭಯ, ಇವೆರಡರ ನಡುವಿನ ಅಂತರದಲ್ಲಿ ಮರಿ ಯಾವುದನ್ನು ಕಂಡಿತೋ ಅದು ಅದರ ಪಾಲಿಗೆ ‘ಮಾಮೂಲು’ ಪ್ರಪಂಚವಾಗುತ್ತದೆ. ರಾಮು ನಮ್ಮ ಮನೆಗೆ ಬಂದಾಗ ಆ ಬಾಗಿಲು ಮುಚ್ಚಿ ತಿಂಗಳಾಗಿತ್ತು. ಅದರ ಮಾಮೂಲು ಪ್ರಪಂಚವೆಂದರೆ ಒಂದು ಗಾಜಿನ ಪೆಟ್ಟಿಗೆ.

ಹಾಗಾಗಿ ಹೊನ್ನಿಯ ವಿಷಯದಲ್ಲಿ ನಾನು ಕ್ಯಾಲೆಂಡರ್ ನೋಡಿಯೇ ಹೆಜ್ಜೆ ಇಟ್ಟೆ. ಐವತ್ತೇಳನೆಯ ದಿನ ಮನೆಗೆ ತಂದೆವು. ಅರವತ್ತೈದನೆಯ ದಿನ ಮೊದಲ ತರಗತಿ.

ಅಷ್ಟು ಎಳೆಯ ಮರಿಯನ್ನು ಹೊರಗೆ ಒಯ್ಯುವುದೇ ತಪ್ಪು, ಎಲ್ಲ ಲಸಿಕೆ ಮುಗಿಯುವ ತನಕ ಮನೆಯೊಳಗೇ ಇಟ್ಟುಕೊಳ್ಳಿ ಎಂದು ಪಶುವೈದ್ಯರು ಹಿಂದಿನಿಂದಲೂ ಹೇಳುತ್ತ ಬಂದಿದ್ದಾರೆ. ಮರಿಗಳ ಜೀವ ತೆಗೆಯಬಲ್ಲ ವೈರಾಣು ರೋಗವಾದ ಪಾರ್ವೋದ ಹೆದರಿಕೆ ಸುಳ್ಳಲ್ಲ. ತಾಯಿಯಿಂದ ಬಂದ ರೋಗನಿರೋಧಕ ಅಂಶ ಮರಿಯ ರಕ್ತದಲ್ಲಿ ಇರುವಷ್ಟು ದಿನ ಲಸಿಕೆ ಸರಿಯಾಗಿ ನಾಟುವುದಿಲ್ಲವಾದ್ದರಿಂದ ಮೂರು-ನಾಲ್ಕು ವಾರಗಳಿಗೊಮ್ಮೆ, ಸುಮಾರು ಹದಿನಾರು ವಾರದವರೆಗೆ ಚುಚ್ಚುಮದ್ದು ಕೊಡಬೇಕಾಗುತ್ತದೆ. ಆದರೆ ಲೆಕ್ಕ ಹಾಕಿ ನೋಡಿ: ಲಸಿಕೆಗಳು ಮುಗಿಯುವ ಹೊತ್ತಿಗೆ ಆ ಇನ್ನೊಂದು ಬಾಗಿಲು ಮುಚ್ಚಿಹೋಗಿರುತ್ತದೆ. ಈ ಇಕ್ಕಟ್ಟನ್ನು ಮನಗಂಡೇ ಅಮೆರಿಕದ ಪಶುವರ್ತನಾ ವೈದ್ಯರ ಸಂಘ 2008ರಲ್ಲಿ ಒಂದು ನಿಲುವನ್ನು ಪ್ರಕಟಿಸಿ, ಮೊದಲ ಲಸಿಕೆ ಹಾಕಿಸಿ ಕನಿಷ್ಠ ಏಳು ದಿನವಾಗಿದ್ದು ಜಂತುಹುಳುವಿನ ಔಷಧಿಯೂ ಆಗಿದ್ದರೆ, ಏಳೆಂಟು ವಾರದ ಮರಿಗಳನ್ನೂ ಶುಚಿಯಾದ ತರಗತಿಗಳಿಗೆ ಸೇರಿಸಬಹುದು ಎಂದಿತು. ‘ಶುಚಿಯಾದ’ ಎಂಬ ಮಾತಿನ ಮೇಲೆಯೇ ಎಲ್ಲವೂ ನಿಂತಿದೆ; ತರಗತಿಯ ವಿಮರ್ಶೆಯನ್ನು ನಾನು ಅಲ್ಲಿಂದಲೇ ಆರಂಭಿಸುತ್ತೇನೆ.

ಈ ಪರೀಕ್ಷೆಯಲ್ಲಿ ಸಂಸ್ಥೆ ಒಳ್ಳೆಯ ಅಂಕ ಪಡೆಯುತ್ತದೆ. ಬಾಗಿಲಲ್ಲಿ ಒಬ್ಬ ಹುಡುಗ ಕುಳಿತು ಪ್ರತಿ ಮರಿಯ ಲಸಿಕೆ ಪುಸ್ತಕವನ್ನು ತೆರೆದು, ಸೀಸೆಯ ಮೇಲಿಂದ ಕಿತ್ತು ಅಂಟಿಸಿದ ಚೀಟಿ ಮತ್ತು ವೈದ್ಯರ ಸಹಿ ಎರಡನ್ನೂ ನೋಡಿ, ದಿನಾಂಕವನ್ನು ಬೆರಳು ಮಡಚಿ ಎಣಿಸಿ ಒಳಗೆ ಬಿಡುತ್ತಿದ್ದ. ಐದೇ ದಿನದ ಹಿಂದೆ ಲಸಿಕೆ ಹಾಕಿಸಿದ್ದ ಒಂದು ಪಗ್ ಮರಿಯನ್ನು, ಅದರ ಮನೆಯವರು ಎಷ್ಟು ಜಗಳವಾಡಿದರೂ, ಅಂದು ಒಳಗೆ ಸೇರಿಸಲಿಲ್ಲ. ಹೊಸ್ತಿಲ ಬಳಿ ಅಗಲವಾದ ಪ್ಲಾಸ್ಟಿಕ್ ತಟ್ಟೆಯಲ್ಲಿ ಬ್ಲೀಚಿಂಗ್ ದ್ರಾವಣವಿತ್ತು. ಎಲ್ಲರೂ ಚಪ್ಪಲಿಯ ಅಡಿಯನ್ನು ಅದರಲ್ಲಿ ಅದ್ದಿ ನಡೆಯಬೇಕು. ಹಿಂದಿನ ತಂಡ ಹೋದ ಮೇಲೆ ನೆಲಕ್ಕೂ ಅದೇ ದ್ರಾವಣ ಹಾಕಿ, ಹತ್ತು ನಿಮಿಷ ಹಾಗೇ ಬಿಟ್ಟು, ಆಮೇಲೆ ನೀರಿನಿಂದ ಒರೆಸುತ್ತಿದ್ದರು. ಇದನ್ನು ಇಷ್ಟು ವಿವರವಾಗಿ ಬರೆಯಲು ಕಾರಣವಿದೆ. ನಮ್ಮಲ್ಲಿ ಶುಚಿಯೆಂದರೆ ಫಿನೈಲ್ ವಾಸನೆ. ಪಾರ್ವೋ ವೈರಾಣುವಿಗೆ ಫಿನೈಲ್ ಲೆಕ್ಕಕ್ಕಿಲ್ಲ, ಬ್ಲೀಚ್ ಬೇಕು. ಮಣ್ಣಿನಲ್ಲಿ ಅದು ತಿಂಗಳುಗಟ್ಟಲೆ ಉಳಿಯುತ್ತದೆ. ಹುಲ್ಲುಹಾಸಿನ ಮೇಲೆ ತರಗತಿ ನಡೆಸುತ್ತೇವೆಂದು ಹೆಮ್ಮೆಯಿಂದ ಹೇಳಿಕೊಳ್ಳುವ ಮತ್ತೊಂದು ಕಡೆಗೆ ನಾನು ಸೇರದಿದ್ದುದಕ್ಕೆ ಇದೇ ಕಾರಣ. ಹುಲ್ಲನ್ನು ಬ್ಲೀಚ್ ಹಾಕಿ ತೊಳೆಯಲಾಗುವುದಿಲ್ಲ.

ಇನ್ನು ಪಾಠದ ವಿಷಯ. ಮೊದಲ ಭಾನುವಾರ ಯಾವ ಪಾಠವೂ ಇರಲಿಲ್ಲ, ಅದೇ ಅದರ ಹೆಚ್ಚುಗಾರಿಕೆ. ಗೋದಾಮಿನ ನೆಲದ ಮೇಲೆ ಬೇರೆ ಬೇರೆ ಹಾಸುಗಳನ್ನು ಹಾಸಿದ್ದರು: ಗೋಣಿತಟ್ಟು, ಈಚಲು ಚಾಪೆ, ಸರಬರ ಸದ್ದು ಮಾಡುವ ಟಾರ್ಪಾಲು, ನುಣುಪು ಟೈಲ್ಸು, ಚರಂಡಿಯ ಮೇಲೆ ಹಾಕುವಂಥ ಕಬ್ಬಿಣದ ಜಾಲರಿ, ಖಾಲಿ ನೀರಿನ ಬಾಟಲಿಗಳನ್ನು ತುಂಬಿದ ತಗ್ಗಾದ ತೊಟ್ಟಿ. ಒಂದು ಮೂಲೆಯಲ್ಲಿ ಅರ್ಧ ಬಿಚ್ಚಿದ ಕೊಡೆ, ಇನ್ನೊಂದು ಮೂಲೆಯಲ್ಲಿ ಗಾಲಿಕುರ್ಚಿ, ಗೋಡೆಗೆ ಒರಗಿಸಿಟ್ಟ ಒಂದು ಹಳೆಯ ಸ್ಕೂಟರು. ಮರಿಯನ್ನು ಎತ್ತಿ ಯಾವುದರ ಮೇಲೂ ಇಡಬಾರದು, ಹಗ್ಗ ಹಿಡಿದು ಎಳೆಯಬಾರದು, ತಾನಾಗಿ ಹೋದರೆ ಹೋಗಲಿ, ಹೋಗದಿದ್ದರೆ ಬಿಡಲಿ, ಹೋದಾಗ ಮಾತ್ರ ಒಂದು ಚೂರು ಬೇಯಿಸಿದ ಕೋಳಿ ಕೊಡಿ ಎಂಬುದಷ್ಟೇ ಸೂಚನೆ. ಹೊನ್ನಿ ಮೊದಲ ಹತ್ತು ನಿಮಿಷ ನನ್ನ ಚಪ್ಪಲಿಯ ಮೇಲೆ ಕುಳಿತಿತ್ತು. ಆಮೇಲೆ ಕಬ್ಬಿಣದ ಜಾಲರಿಯ ಬಳಿ ಹೋಗಿ, ಒಂದು ಮುಂಗಾಲನ್ನು ಅದರ ಮೇಲಿಟ್ಟು, ತಟ್ಟನೆ ಹಿಂದೆಗೆದು, ಆ ಕಾಲನ್ನೇ ಮೂಸಿ ನೋಡಿ, ಮತ್ತೆ ಇಟ್ಟಿತು. ಮೂರನೆಯ ಸಲಕ್ಕೆ ನಾಲ್ಕೂ ಕಾಲು ಜಾಲರಿಯ ಮೇಲಿದ್ದವು. ಬಾಲ ಮೆಲ್ಲನೆ ಆಡುತ್ತಿತ್ತು. ಆ ಒಂದು ನಿಮಿಷವನ್ನು ನೋಡಿದವರಿಗೆ ಶುಲ್ಕದ ಅರ್ಧ ಅಲ್ಲಿಯೇ ವಸೂಲಾಯಿತು ಅನ್ನಿಸದೆ ಇರದು.

ಹೊರಗಿನ ನೋಟಕ್ಕೆ ಇದು ಮಕ್ಕಳಾಟ. ಒಳಗೆ ನಡೆಯುತ್ತಿರುವುದು ಮಿದುಳಿನ ಕಟ್ಟೋಣ. ಹುಟ್ಟಿದಾಗಿನ ಮಿದುಳಿನಲ್ಲಿ ಸಂಪರ್ಕಗಳು ಬೇಕಾದುದಕ್ಕಿಂತ ಹೆಚ್ಚಾಗಿ ಹುಟ್ಟಿಕೊಳ್ಳುತ್ತವೆ. ಬಳಕೆಯಾದವು ಬಲಿಯುತ್ತವೆ, ಬಳಕೆಯಾಗದವು ಕಳಚಿ ಬೀಳುತ್ತವೆ. ಇದನ್ನು ಎಲ್ಲಕ್ಕಿಂತ ನಿಚ್ಚಳವಾಗಿ ತೋರಿಸಿದವರು ಹಾರ್ವರ್ಡಿನಲ್ಲಿದ್ದ ಡೇವಿಡ್ ಹ್ಯೂಬಲ್ ಮತ್ತು ಟಾರ್ಸ್‌ಟನ್ ವೀಸಲ್. ಅವರು 1960ರ ದಶಕದಲ್ಲಿ ಬೆಕ್ಕಿನ ಮರಿಗಳ ಒಂದು ಕಣ್ಣಿನ ರೆಪ್ಪೆಯನ್ನು ಮೊದಲ ಎರಡು-ಮೂರು ತಿಂಗಳು ಹೊಲಿದಿಟ್ಟು, ಆಮೇಲೆ ಬಿಚ್ಚಿ ನೋಡಿದಾಗ, ಕಣ್ಣು ಚೆನ್ನಾಗಿಯೇ ಇತ್ತು, ಆದರೆ ಮಿದುಳಿನ ದೃಷ್ಟಿಭಾಗದ ನರಕೋಶಗಳಲ್ಲಿ ಆ ಕಣ್ಣಿಗೆ ಸ್ಪಂದಿಸುವಂಥವು ಬಹುತೇಕ ಉಳಿದಿರಲಿಲ್ಲ. ತೆರೆದಿದ್ದ ಕಣ್ಣು ಇಡೀ ಜಾಗವನ್ನು ಆಕ್ರಮಿಸಿಕೊಂಡಿತ್ತು. ಬೆಳೆದ ಬೆಕ್ಕಿನ ಕಣ್ಣನ್ನು ಅಷ್ಟೇ ಕಾಲ ಮುಚ್ಚಿದರೆ ಹಾಗೆ ಆಗಲಿಲ್ಲ. 1981ರ ನೊಬೆಲ್ ಪಾರಿತೋಷಕ ಇವರಿಗೆ ಬಂತು. ಪ್ರಯೋಗ ಇಂದಿನ ಕಣ್ಣಿಗೆ ಕ್ರೂರವೆನಿಸುತ್ತದೆ, ನನಗೂ ಅನ್ನಿಸುತ್ತದೆ; ಆದರೆ ಮಕ್ಕಳ ಮೆಳ್ಳೆಗಣ್ಣನ್ನೂ ಹುಟ್ಟುಪೊರೆಯನ್ನೂ ತಡಮಾಡದೆ ಸರಿಪಡಿಸಬೇಕೆಂಬ ತಿಳಿವಳಿಕೆಗೆ ಅದೇ ಗಟ್ಟಿ ಆಧಾರವಾಯಿತು. ದೃಷ್ಟಿಗೆ ಅನ್ವಯಿಸುವ ನಿಯಮ ಭಯಕ್ಕೆ ಅಕ್ಷರಶಃ ಅನ್ವಯಿಸುತ್ತದೆಂದು ನಾನು ಹೇಳುವುದಿಲ್ಲ. ಭಯದ ಬಾಗಿಲು ಅಷ್ಟು ಬಿಗಿಯಾಗಿ ಮುಚ್ಚುವುದಿಲ್ಲ, ರಾಮುವಿನ ಬಾಗಿಲೂ ಒಂದಿಷ್ಟು ಸಂದಿ ಬಿಟ್ಟಿತ್ತು. ಆದರೂ ಒಂಬತ್ತನೆಯ ವಾರದಲ್ಲಿ ಹತ್ತು ನಿಮಿಷದಲ್ಲಿ ಆಗುವ ಕೆಲಸ ಒಂಬತ್ತನೆಯ ತಿಂಗಳಿನಲ್ಲಿ ಹತ್ತು ವಾರದ ಕೆಲಸವಾಗುತ್ತದೆ ಎಂಬುದನ್ನು ನಾನು ಸ್ವತಃ ಎರಡು ನಾಯಿಗಳಲ್ಲಿ ಕಂಡಿದ್ದೇನೆ.

ಎರಡನೆಯದಾಗಿ ಹೊಗಳಬೇಕಾದದ್ದು ಆಟದ ಹೊತ್ತು. ಪ್ರತಿ ತರಗತಿಯಲ್ಲೂ ಇಪ್ಪತ್ತು ನಿಮಿಷ ಮರಿಗಳನ್ನು ಬಿಟ್ಟುಬಿಡುತ್ತಿದ್ದರು, ಆದರೆ ಸುಮ್ಮನೆ ಬಿಡುತ್ತಿರಲಿಲ್ಲ. ಗಾತ್ರ ಮತ್ತು ಸ್ವಭಾವ ನೋಡಿ ಎರಡು ಅಂಗಳಗಳಾಗಿ ವಿಂಗಡಿಸುತ್ತಿದ್ದರು. ಒಂದು ಲ್ಯಾಬ್ರಡಾರ್ ಮರಿ ಸಣ್ಣ ಡ್ಯಾಷ್‌ಹುಂಡ್ ಮರಿಯೊಂದನ್ನು ಮೇಲಿಂದ ಮೇಲೆ ಕೆಡವಿ ತುಳಿಯುತ್ತಿದ್ದಾಗ, ಕಲಿಸುವಾಕೆ ಲ್ಯಾಬ್ರಡಾರನ್ನು ಎತ್ತಿ ಎರಡು ಕ್ಷಣ ಹಿಡಿದುಕೊಂಡರು. ಡ್ಯಾಷ್‌ಹುಂಡ್ ತಾನಾಗಿ ಮತ್ತೆ ಅದರ ಬಳಿ ಬಂದರೆ ಅದು ಆಟ, ಬಾರದೆ ಓಡಿದರೆ ಅದು ಹಿಂಸೆ ಎಂದು ವಿವರಿಸಿದರು. ಅಂದು ಡ್ಯಾಷ್‌ಹುಂಡ್ ಓಡಿಹೋಯಿತು. ಎರಡನ್ನೂ ಬೇರೆ ಬೇರೆ ಅಂಗಳಕ್ಕೆ ಬಿಟ್ಟರು. ಇಷ್ಟು ಸರಳವಾದ, ಇಷ್ಟು ನಂಬಲರ್ಹವಾದ ಪರೀಕ್ಷೆಯನ್ನು ನಾನು ಬೇರೆಲ್ಲೂ ಕೇಳಿರಲಿಲ್ಲ. ಕೆನಡಾದ ಲೆತ್‌ಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು ಎಳೆಯ ಇಲಿಗಳ ಕುಸ್ತಿಯಾಟವನ್ನು ದೀರ್ಘಕಾಲ ಅಧ್ಯಯನ ಮಾಡಿ, ಅಂಥ ಆಟ ಸಿಕ್ಕ ಇಲಿಗಳಿಗೂ ಸಿಗದ ಇಲಿಗಳಿಗೂ ಮಿದುಳಿನ ಮುಂಭಾಗದ ನರಕೋಶಗಳ ಕವಲುಗಳಲ್ಲಿ ವ್ಯತ್ಯಾಸವಿರುವುದನ್ನು ತೋರಿಸಿದ್ದಾರೆ. ಆವೇಗವನ್ನು ಹಿಡಿತದಲ್ಲಿಡುವುದು, ಎದುರಿನವರ ನಡೆಗೆ ತಕ್ಕಂತೆ ತನ್ನ ನಡೆ ಬದಲಿಸುವುದು ಆ ಭಾಗದ ಕೆಲಸ. ಕಚ್ಚಿದಾಗ ಎದುರಿನ ಮರಿ ಕಿರುಚಿ ಆಟ ನಿಲ್ಲಿಸುತ್ತದೆ. ಹಲ್ಲನ್ನು ಎಷ್ಟು ಒತ್ತಬಹುದೆಂಬುದನ್ನು ನಾಯಿ ಕಲಿಯುವುದು ಹೀಗೆಯೇ, ಮನುಷ್ಯರ ಗದರಿಕೆಯಿಂದಲ್ಲ.

ಮೂರನೆಯ ಭಾನುವಾರದ ಬಗ್ಗೆ ಮಾತ್ರ ನನಗೆ ಇಂದಿಗೂ ಅಸಮಾಧಾನವಿದೆ. ಅಂದು ಎಂದಿನ ಶಿಕ್ಷಕಿ ಇರಲಿಲ್ಲ, ಬದಲಿಗೆ ಬಂದ ತರುಣರೊಬ್ಬರು ‘ಹಬ್ಬ ಹತ್ತಿರ ಬರುತ್ತಿದೆ, ಮರಿಗಳನ್ನು ತಯಾರು ಮಾಡೋಣ’ ಎಂದು ದೊಡ್ಡ ಸ್ಪೀಕರಿನಲ್ಲಿ ಪಟಾಕಿಯ ಸದ್ದನ್ನು ಒಮ್ಮೆಲೇ ಹಾಕಿಬಿಟ್ಟರು. ಶೀಟಿನ ಚಾವಣಿಯ ಕೆಳಗೆ ಆ ಸದ್ದು ಇಮ್ಮಡಿಯಾಯಿತು. ಎಂಟು ಮರಿಗಳಲ್ಲಿ ಐದು ಹಗ್ಗ ಜಗ್ಗಿ ಬಾಗಿಲ ಕಡೆಗೆ ನುಗ್ಗಿದವು. ಹೊನ್ನಿ ಗಾಲಿಕುರ್ಚಿಯ ಕೆಳಗೆ ಸೇರಿ, ತಿನ್ನಲು ಕೊಟ್ಟ ಕೋಳಿಯ ಚೂರನ್ನೂ ಮುಟ್ಟದೆ, ನಡುಗುತ್ತ ಬಾಯಿ ತೆರೆದು ಏದುಸಿರು ಬಿಡುತ್ತಿತ್ತು. ‘ಇರಲಿ ಸಾರ್, ಸ್ವಲ್ಪ ಹೊತ್ತಿಗೆ ಅಭ್ಯಾಸ ಆಗಿಬಿಡುತ್ತೆ’ ಎಂದರು ಆ ತರುಣ. ಆಗುವುದಿಲ್ಲ. ಎಳೆಯ ಮಿದುಳು ಬೇಗ ಕಲಿಯುತ್ತದೆ ಎಂಬುದು ಎರಡೂ ಕಡೆ ಹರಿತವಿರುವ ಕತ್ತಿ. ಜಾಲರಿಗೆ ಹೆದರಬೇಕಿಲ್ಲವೆಂದು ಮೂರು ಹೆಜ್ಜೆಯಲ್ಲಿ ಕಲಿತ ಅದೇ ಮಿದುಳು, ಈ ಕಟ್ಟಡಕ್ಕೆ ಹೆದರಬೇಕೆಂಬುದನ್ನು ಒಂದೇ ಸದ್ದಿನಲ್ಲಿ ಕಲಿತುಬಿಡಬಲ್ಲದು. ಅದರಲ್ಲೂ ಎಂಟನೆಯ ವಾರದಾಚೆಗೆ ಮರಿಯ ಭಯ ಬಲಿಯುತ್ತಿರುವಾಗ ಇಂಥ ಪ್ರಯೋಗಗಳನ್ನು ಮಾಡಲೇಬಾರದು. ಸದ್ದನ್ನು ಕೇಳಿಸಿಯೂ ಕೇಳಿಸದಷ್ಟು ಮೆಲ್ಲಗೆ ಆರಂಭಿಸಿ, ಮರಿ ತಿನ್ನುತ್ತ ಆಡುತ್ತ ಇರುವಾಗಲೇ ದಿನದಿಂದ ದಿನಕ್ಕೆ ಒಂದೊಂದು ಗೆರೆ ಏರಿಸಬೇಕು. ಮರಿ ತಿನ್ನುವುದನ್ನು ನಿಲ್ಲಿಸಿದರೆ ಸದ್ದು ಹೆಚ್ಚಾಯಿತೆಂದೇ ಅರ್ಥ. ಮುಂದಿನ ಭಾನುವಾರ ಹೊನ್ನಿ ಹೊಸ್ತಿಲ ಬಳಿಯೇ ಕಾಲೂರಿ ನಿಂತಿತು. ನಾನು ದೂರು ಹೇಳಿದ ಮೇಲೆ ಶಿಕ್ಷಕಿ ಕ್ಷಮೆ ಕೇಳಿ, ಅಂದಿನ ಅರ್ಧ ಗಂಟೆಯನ್ನು ನಮ್ಮ ಜೊತೆ ಕಟ್ಟಡದ ಹೊರಗೇ ಕುಳಿತು ಕಳೆದರು ಎಂಬುದನ್ನೂ ಹೇಳಬೇಕು. ಆ ಕೆಲಸಕ್ಕೆ ಅವರು ಬೇರೆ ಹಣ ಕೇಳಲಿಲ್ಲ. ಆದರೆ ಪಾಠ ಹೇಳುವವರು ಬದಲಾದರೆ ಪಾಠದ ರೀತಿಯೇ ತಲೆಕೆಳಗಾಗುವುದಾದರೆ ಆ ಸಂಸ್ಥೆಗೆ ಲಿಖಿತ ಪಠ್ಯಕ್ರಮವಿಲ್ಲ ಎಂದಾಗುತ್ತದೆ.

ನಾಲ್ಕು, ಐದು, ಆರನೆಯ ಭಾನುವಾರಗಳಲ್ಲಿ ಹೆಚ್ಚಿನ ಹೊತ್ತು ಹೋದದ್ದು ‘ಕುಳಿತುಕೋ’, ‘ಮಲಗು’, ‘ಕೈ ಕೊಡು’ ಎಂಬ ಆಜ್ಞೆಗಳಿಗೆ. ಕೊನೆಯ ದಿನ ಮರಿಗಳಿಗೆ ಕರಿಯ ಟೋಪಿ ಹಾಕಿ, ಪ್ರಮಾಣಪತ್ರ ಕೊಟ್ಟು, ಕೈ ಕೊಡಿಸಿ ಫೋಟೋ ತೆಗೆಯುತ್ತಾರಾದ್ದರಿಂದ ಅದರ ತಯಾರಿ ಎನ್ನಬಹುದು. ನನ್ನ ಮುಖ್ಯ ಆಕ್ಷೇಪ ಇರುವುದು ಇಲ್ಲಿಯೇ. ವಿಲಿಯಂ ಗ್ರೀನೋ ಎಂಬ ಅಮೆರಿಕದ ನರವಿಜ್ಞಾನಿ 1987ರಲ್ಲಿ ಸಂಗಡಿಗರೊಂದಿಗೆ ಮಾಡಿದ ಒಂದು ವಿಂಗಡಣೆ ಇಂಥ ತರಗತಿ ನಡೆಸುವ ಎಲ್ಲರ ಗೋಡೆಯ ಮೇಲೂ ಇರಬೇಕು ಎನಿಸುತ್ತದೆ. ಅನುಭವದಿಂದ ಮಿದುಳು ರೂಪುಗೊಳ್ಳುವ ಬಗೆ ಎರಡು. ಒಂದು ಬಗೆಯ ಅನುಭವವನ್ನು ಮಿದುಳು ನಿರೀಕ್ಷಿಸಿಕೊಂಡೇ ಹುಟ್ಟುತ್ತದೆ. ಬೆಳಕು, ಸದ್ದು, ತನ್ನವರ ಸಹವಾಸ ಇಂಥವು. ಅವು ಬರಬೇಕಾದ ಹೊತ್ತಿಗೆ ಬಾರದಿದ್ದರೆ ನಷ್ಟ ತುಂಬುವುದು ಕಷ್ಟ. ಇನ್ನೊಂದು ಬಗೆಯದು ಒಂದೊಂದು ಜೀವಿಯ ಬದುಕಿನಲ್ಲಿ ಬೇರೆ ಬೇರೆಯಾಗಿ ಒದಗುವ ಕಲಿಕೆ; ಅದಕ್ಕೆ ವಯಸ್ಸಿನ ಗಡಿಯಿಲ್ಲ. ‘ಕೈ ಕೊಡು’ ಎಂಬುದು ಎರಡನೆಯ ಜಾತಿಗೆ ಸೇರಿದ್ದು. ರಾಮು ಅದನ್ನು ತನ್ನ ಏಳನೆಯ ವರ್ಷದಲ್ಲಿ, ನನ್ನ ಮೊಮ್ಮಗಳಿಂದ, ಎರಡು ದಿನದಲ್ಲಿ, ಬಿಸ್ಕತ್ತಿನ ಆಸೆಗೆ ಕಲಿತಿತ್ತು. ಹನ್ನೆರಡರಿಂದ ಹದಿನಾಲ್ಕು ವಾರದ ವಯಸ್ಸಿನ ಆ ಅಮೂಲ್ಯ ಗಂಟೆಗಳನ್ನು ಯಾವಾಗ ಬೇಕಾದರೂ ಕಲಿಸಬಹುದಾದುದಕ್ಕೆ ಖರ್ಚು ಮಾಡುವುದೆಂದರೆ ಬಿತ್ತನೆಯ ಹದ ಇರುವಾಗ ಬೇಲಿಗೆ ಬಣ್ಣ ಬಳಿಯುತ್ತ ಕುಳಿತಂತೆ. ಆ ಹೊತ್ತಿನಲ್ಲಿ ನಮ್ಮನ್ನು ಬಸ್ ನಿಲ್ದಾಣದ ಎದುರಿಗೆ, ಹೂವಿನ ಮಾರುಕಟ್ಟೆಯ ಅಂಚಿಗೆ, ಶಾಲೆ ಬಿಡುವ ಹೊತ್ತಿಗೆ ಶಾಲೆಯ ಗೇಟಿನ ಬಳಿಗೆ, ಮರಿಯನ್ನು ತೋಳಲ್ಲಿ ಎತ್ತಿಕೊಂಡೇ ಆಗಲಿ, ಕರೆದೊಯ್ಯಬಹುದಾಗಿತ್ತು.

ಕರಪತ್ರದ ಬಗ್ಗೆಯೂ ಎರಡು ಮಾತು. ನಮ್ಮ ಆಟಿಕೆಗಳು ನಿಮ್ಮ ಮರಿಯ ಮಿದುಳನ್ನು ದೊಡ್ಡದು ಮಾಡುತ್ತವೆ, ಇದು ವಿಜ್ಞಾನದಿಂದ ಸಿದ್ಧವಾಗಿದೆ ಎಂದು ಅದರಲ್ಲಿ ಅಚ್ಚಾಗಿದೆ, ಪಕ್ಕದಲ್ಲಿ ಹಗ್ಗದ ಆಟಿಕೆಯ ಬೆಲೆಯೂ ಇದೆ. ಇದರ ಮೂಲ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ 1960ರ ದಶಕದಲ್ಲಿ ಮಾರ್ಕ್ ರೋಸೆನ್‌ಝ್ವೈಗ್, ಮೇರಿಯನ್ ಡೈಮಂಡ್ ಮೊದಲಾದವರು ಇಲಿಗಳ ಮೇಲೆ ನಡೆಸಿದ ಪ್ರಯೋಗಗಳು. ಸಂಗಾತಿಗಳೂ ಆಗಾಗ ಬದಲಾಗುವ ಆಟದ ಸಾಮಾನುಗಳೂ ಇದ್ದ ದೊಡ್ಡ ಪಂಜರದಲ್ಲಿ ಬೆಳೆದ ಇಲಿಗಳ ಮಿದುಳಿನ ಹೊರಪದರ, ಖಾಲಿ ಪಂಜರದಲ್ಲಿ ಒಂಟಿಯಾಗಿ ಬೆಳೆದ ಇಲಿಗಳದಕ್ಕಿಂತ ತುಸು ದಪ್ಪವಾಗಿತ್ತು, ತುಸು ಭಾರವಾಗಿತ್ತು. ಮಹತ್ವದ ಶೋಧ ಅದು, ಅನುಮಾನವಿಲ್ಲ. ಆದರೆ ಹೋಲಿಕೆ ನಡೆದದ್ದು ಖಾಲಿ ಪಂಜರದೊಂದಿಗೆ. ಅಜ್ಜಿ, ಮೊಮ್ಮಕ್ಕಳು, ಹಾಲಿನವನು, ಕಾಗೆ, ಅಳಿಲು ಎಲ್ಲವೂ ಇರುವ ಮನೆಯ ಮರಿಗೆ ಇನ್ನೊಂದು ಹಗ್ಗದ ಆಟಿಕೆ ಕೊಂಡುಕೊಟ್ಟರೆ ಮಿದುಳು ಮತ್ತೆ ಬೆಳೆಯುತ್ತದೆಂದು ಆ ಪ್ರಯೋಗ ಹೇಳುವುದಿಲ್ಲ. ಮೇಲಾಗಿ ವಯಸ್ಸಾದ ಇಲಿಗಳಲ್ಲೂ ಅಂಥ ಬದಲಾವಣೆ ಕಂಡುಬಂದಿತ್ತು, ಆದ್ದರಿಂದ ‘ಈಗ ಕೊಳ್ಳದಿದ್ದರೆ ಕಾಲ ಮೀರಿತು’ ಎಂಬ ಗಾಬರಿಗೂ ಅದರಲ್ಲಿ ಆಧಾರವಿಲ್ಲ. ಆಟಿಕೆಗಳನ್ನು ಕೊಳ್ಳಬೇಡಿ, ಹಳೆಯ ಟವೆಲಿಗೆ ಎರಡು ಗಂಟು ಹಾಕಿದರೆ ಸಾಕು.

ಕರಪತ್ರವೂ ಮನೆಗೆ ಕೊಟ್ಟ ಟಿಪ್ಪಣಿಗಳೂ ಇಂಗ್ಲಿಷಿನಲ್ಲಿ ಮಾತ್ರ ಇವೆ. ನಮ್ಮ ತಂಡದ ಎಂಟು ಮನೆಗಳಲ್ಲಿ ಮೂರರಲ್ಲಿ ಹಗಲೆಲ್ಲ ಮರಿಯನ್ನು ನೋಡಿಕೊಳ್ಳುವವರು ಮನೆಕೆಲಸದ ಹೆಂಗಸರು ಅಥವಾ ಹಿರಿಯರು. ಅವರ ಕೈಗೆ ಕನ್ನಡದಲ್ಲಿ ಒಂದು ಹಾಳೆ ಸೇರದಿದ್ದರೆ ಭಾನುವಾರ ಕಲಿತದ್ದು ಸೋಮವಾರಕ್ಕೆ ಉಳಿಯುವುದಿಲ್ಲ. ನಾನೇ ನಾಲ್ಕು ಪುಟ ಬರೆದುಕೊಟ್ಟೆ. ಅದನ್ನು ಅಚ್ಚು ಹಾಕಿಸುವುದಾಗಿ ಹೇಳಿದ್ದಾರೆ.

ಈ ಸೇವೆಯನ್ನು ಅಳೆಯುವಾಗ ಅದರ ಕೈಗೆ ಎಟುಕದ ಒಂದು ಭಾಗವನ್ನು ಬದಿಗಿಟ್ಟೇ ಅಳೆಯಬೇಕು. ಮರಿ ತರಗತಿಗೆ ಬರುವ ಹೊತ್ತಿಗೆ ಎಂಟು ವಾರಗಳು ಆಗಲೇ ಕಳೆದಿರುತ್ತವೆ, ಮತ್ತು ಆ ಎಂಟು ವಾರ ಅದು ಇದ್ದದ್ದು ತಾಯಿಯ ಬಳಿ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಮೀನಿ ಮತ್ತು ಸಂಗಡಿಗರು ತೋರಿಸಿದಂತೆ, ಹುಟ್ಟಿದ ಮೊದಲ ವಾರದಲ್ಲಿ ತಾಯಿ ಹೆಚ್ಚಾಗಿ ನೆಕ್ಕಿ ನೇವರಿಸಿದ ಇಲಿಮರಿಗಳು ದೊಡ್ಡವಾದ ಮೇಲೆ ಒತ್ತಡವನ್ನು ಬೇಗ ಶಮನಮಾಡಿಕೊಳ್ಳುತ್ತವೆ. ಒತ್ತಡದ ಹಾರ್ಮೋನನ್ನು ಗುರುತಿಸುವ ಗ್ರಾಹಕಗಳು ಅವುಗಳ ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ ಹೆಚ್ಚಾಗಿರುತ್ತವೆ. ಕಡಿಮೆ ನೆಕ್ಕುವ ತಾಯಿಯ ಮರಿಗಳನ್ನು ಹೆಚ್ಚು ನೆಕ್ಕುವ ತಾಯಿಯ ಮಡಿಲಿಗೆ ಹಾಕಿದರೆ ಅವೂ ಸಾಕುತಾಯಿಯ ಮರಿಗಳಂತೆಯೇ ಆಗುತ್ತವೆ. ಆ ಗ್ರಾಹಕವನ್ನು ರೂಪಿಸುವ ಜೀನಿನ ಮೇಲೆ ಕೂರುವ ರಾಸಾಯನಿಕ ಗುರುತುಗಳೇ ತಾಯಿಯ ಆರೈಕೆಗೆ ತಕ್ಕಂತೆ ಬದಲಾಗುತ್ತವೆ ಎಂಬುದನ್ನು ಅವರು 2004ರಲ್ಲಿ ಪ್ರಕಟಿಸಿದರು. ಇಲಿಯದನ್ನು ನಾಯಿಗೆ ಹಾಗೆಯೇ ಹಚ್ಚಬಾರದು, ಒಪ್ಪುತ್ತೇನೆ. ಆದರೂ ಮರಿಯನ್ನು ಆರಿಸಲು ಹೋದಾಗ ನಾನು ಮೊದಲು ನೋಡಿದ್ದು ಮರಿಯನ್ನಲ್ಲ, ತಾಯಿಯನ್ನು.

ಹೊನ್ನಿ ಹುಟ್ಟಿದ್ದು ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲ್ಲೂಕಿನ ಒಂದು ರೈತರ ಮನೆಯಲ್ಲಿ. ಈ ತಳಿಯ ಸಂರಕ್ಷಣೆಗಾಗಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರ ಅದೇ ತಾಲ್ಲೂಕಿನ ತಿಮ್ಮಾಪುರದಲ್ಲಿದೆ. 2005ರಲ್ಲಿ ಈ ನಾಯಿಯ ಅಂಚೆಚೀಟಿಯೂ ಬಂದಿತ್ತು. ನಾವು ಹೋದಾಗ ಅಂಗಳದಲ್ಲಿ ತಾಯಿನಾಯಿ ಅಡ್ಡಬಿದ್ದು ಮಲಗಿತ್ತು, ಮರಿಗಳು ಒಂದರ ಮೇಲೊಂದು ಬಿದ್ದು ಹಾಲು ಕುಡಿಯುತ್ತಿದ್ದವು, ಪಕ್ಕದಲ್ಲೇ ಎಮ್ಮೆ, ಕೋಳಿ, ಎರಡು ಗಾಲಿಯ ಆಟದ ಬಂಡಿ ಎಳೆಯುವ ಹುಡುಗರು. ‘ಏನೂ ಅಂಜಂಗಿಲ್ರೀ ಸರ ಇದು, ಎಮ್ಮಿ ಕಾಲಾಗ ಆಡಿ ಬೆಳದೈತಿ’ ಎಂದರು ಮನೆಯ ಅಜ್ಜಿ, ಹಾಲಿನಲ್ಲಿ ನೆನೆಸಿದ ಜೋಳದ ರೊಟ್ಟಿಯ ತಟ್ಟೆಯನ್ನು ಮರಿಗಳ ಮುಂದೆ ಇಡುತ್ತ. ತಟ್ಟೆ ನೆಲಕ್ಕೆ ಬಡಿದು ಠಣಾರೆಂದಿತು. ಒಂದು ಮರಿಯೂ ಬೆಚ್ಚಲಿಲ್ಲ. ಎಂಟು ವಾರ ತುಂಬದ ಮರಿಯನ್ನು ಮಾರಬಾರದೆಂದು 2017ರ ಕೇಂದ್ರದ ನಿಯಮವಿದೆ. ಆ ನಿಯಮದ ಸುದ್ದಿ ಅಜ್ಜಿಗೆ ತಿಳಿದಿತ್ತೋ ಇಲ್ಲವೋ, ‘ತಾಯಿ ಬಿಡಸಾಕ ಇನ್ನಾ ಎಂಟ ದಿನಾ ಬೇಕ್ರಿ’ ಎಂದು ನಮ್ಮನ್ನು ಬರಿಗೈಯಲ್ಲಿ ಕಳಿಸಿ, ಮತ್ತೆ ಬರಲು ಹೇಳಿದ್ದರು. ನಮ್ಮ ತಂಡದಲ್ಲಿ ಮೂವತ್ತೆಂಟನೆಯ ದಿನಕ್ಕೇ ತಾಯಿಯಿಂದ ಬಿಡಿಸಿ ತಂದಿದ್ದ ಒಂದು ಸ್ಪಿಟ್ಜ್ ಮರಿ ಇತ್ತು. ಆರು ವಾರ ಕಳೆದರೂ ಅದು ಆಟದಲ್ಲಿ ಹಲ್ಲು ಸಡಿಲಿಸುವುದನ್ನು ಕಲಿತಿರಲಿಲ್ಲ. ಅದರ ಹೊಣೆಯನ್ನು ತರಗತಿಯ ತಲೆಗೆ ಕಟ್ಟಲಾಗದು, ಹಾಗೆಯೇ ಹೊನ್ನಿಯ ಧೈರ್ಯದ ಪೂರ್ತಿ ಕೀರ್ತಿಯನ್ನೂ ಅದಕ್ಕೆ ಕೊಡಲಾಗದು.

ಫಲಿತಾಂಶ ಹೇಳದೆ ವಿಮರ್ಶೆ ಮುಗಿಯದು. ಗಣಪತಿಯನ್ನು ಬಿಡುವ ದಿನ ತಮಟೆಯವರು ನಮ್ಮ ಬೀದಿಯಲ್ಲಿ ಬಂದಾಗ ಹೊನ್ನಿಯನ್ನು ಮಹಡಿಯ ಮೇಲಿಂದ, ದೂರದಿಂದ, ತಿನ್ನಿಸುತ್ತ ತೋರಿಸಿದೆವು. ದೀಪಾವಳಿಗೆ ಅದಕ್ಕೆ ಹದಿನೆಂಟನೆಯ ವಾರ. ನರಕಚತುರ್ದಶಿಯ ಬೆಳಗಿನ ಮೊದಲ ಸರಪಟಾಕಿಗೆ ಎದ್ದು ನಿಂತು, ಕಿವಿ ಹಿಂದಕ್ಕೆ ಮಾಡಿ, ನನ್ನ ಮುಖ ನೋಡಿತು. ನಾನು ಎಣ್ಣೆ ಹಚ್ಚಿಕೊಳ್ಳುತ್ತ ಕುಳಿತೇ ಇದ್ದುದನ್ನು ಕಂಡು ಮತ್ತೆ ಚಾಪೆಯ ಮೇಲೆ ಸುರುಳಿ ಸುತ್ತಿಕೊಂಡಿತು. ಲಕ್ಷ್ಮೀ ಪಟಾಕಿಗೆ ಮಾತ್ರ ಇಂದಿಗೂ ಮಂಚದಡಿ ಸೇರುತ್ತದೆ. ಆ ಮೂರನೆಯ ಭಾನುವಾರ ನಡೆಯದಿದ್ದರೆ ಅದೂ ಇರುತ್ತಿರಲಿಲ್ಲವೋ ಏನೋ, ಹೇಳಲು ನನ್ನ ಬಳಿ ಎರಡನೆಯ ಹೊನ್ನಿ ಇಲ್ಲ.

ಒಟ್ಟಿನಲ್ಲಿ ಮೊದಲ ಎರಡು ಭಾನುವಾರಗಳಿಗೆ ಮತ್ತು ಆರೂ ವಾರದ ಆಟದ ಅಂಗಳಕ್ಕೆ ಹಣ ಸಂದಿದೆ, ಟೋಪಿ ಮತ್ತು ಪ್ರಮಾಣಪತ್ರಕ್ಕೆ ವ್ಯರ್ಥವಾಗಿದೆ. ಸೇರುವುದಾದರೆ ಮರಿಗೆ ಹತ್ತು ವಾರ ತುಂಬುವುದರೊಳಗೆ ಸೇರಿಸಿ. ಬ್ಲೀಚ್ ಬಳಸುತ್ತಾರೆಯೇ, ಬದಲಿ ಶಿಕ್ಷಕರು ಯಾರು ಎಂದು ಮೊದಲೇ ಕೇಳಿ. ಸಂಸ್ಥೆಯ ಫಲಕದಲ್ಲಿ ‘ಎರಡರಿಂದ ಆರು ತಿಂಗಳ ಮರಿಗಳಿಗೆ’ ಎಂದು ಬರೆದಿದೆ. ಐದು ತಿಂಗಳ ಮರಿಗೆ ಬೇಕಾದದ್ದು ಬೇರೆಯೇ ಬಗೆಯ, ನಿಧಾನದ, ಒಬ್ಬೊಬ್ಬರಿಗೇ ಕೊಡುವ ಪಾಠ. ಅದೇ ಶುಲ್ಕಕ್ಕೆ ಅದೇ ಭರವಸೆ ಕೊಟ್ಟು ಅದನ್ನು ಈ ಗುಂಪಿಗೆ ಸೇರಿಸಿಕೊಳ್ಳುವುದು ಸರಿಯಲ್ಲವೆಂದು ಕೊನೆಯ ದಿನ ನಡೆಸುವವರಿಗೆ ಹೇಳಿದೆ. ‘ನೀವು ಹೇಳೋದು ನಿಜ ಸಾರ್, ಆದರೆ ಮೂರು ತಿಂಗಳಿಗೇ ನಿಲ್ಲಿಸಿದರೆ ಅರ್ಧ ಜಾಗ ಖಾಲಿ ಉಳಿಯುತ್ತೆ’ ಎಂದು ಅವರು ನಕ್ಕರು. ಕಳೆದ ವಾರ ಆ ದಾರಿಯಲ್ಲಿ ಹೋದಾಗ ಫಲಕಕ್ಕೆ ಹೊಸ ಬಣ್ಣ ಬಳಿದಿದ್ದರು. ‘ಆರು ತಿಂಗಳು’ ಹಾಗೆಯೇ ಇತ್ತು.